ಒತ್ತಕ್ಷರದಾಚೆಯ ಲೋಕ: ಓದು ಕಲಿಯುವ ಮಕ್ಕಳ ಕಥೇತರ ಪುಸ್ತಕಗಳು (ಹಿಪ್ಪರಗಿ ಪರಿಸರವನ್ನು ಅನುಲಕ್ಷಿಸಿ)

1

ಕನ್ನಡದಲ್ಲಿ ಮಕ್ಕಳ ಸಾಹಿತ್ಯವೆಂದೊಡನೆ ನೆನಪಿಗೆ ಬರುವುದು ಶಿಶುಪ್ರಾಸ, ಕಥನಕವನ, ನೀತಿಕಥೆ ಮತ್ತು ನಾಟಕ. ಪಂಜೆ ಮಂಗೇಶರಾಯ, ಹೊಯಿಸಳ, ರಾಜರತ್ನಂ ಅವರಿಂದ ಹಿಡಿದು ವಿಜಾಪುರ ಸೀಮೆಯ ಶಿಶು ಸಂಗಮೇಶ, ಕಂಚ್ಯಾಣಿ ಶರಣಪ್ಪ ಅವರವರೆಗೆ ಈ ಪರಂಪರೆಯ ವಿಮರ್ಶೆ ಸಾಕಷ್ಟು ನಡೆದಿದೆ. ಇದಕ್ಕೆ ಹೋಲಿಸಿದರೆ, ಮಕ್ಕಳಿಗೆ ಲೋಕದ ವಸ್ತುಸಂಗತಿಗಳನ್ನು ಇದ್ದಂತೆ ತಿಳಿಸುವ ಬರವಣಿಗೆಯ ಅಧ್ಯಯನ ವಿರಳ. ಅದರಲ್ಲಿಯೂ ಅಕ್ಷರಗಳನ್ನು ಈಗಷ್ಟೇ ಕೂಡಿಸಿ ಓದಲು ತೊಡಗಿರುವ ಐದಾರು ವರ್ಷದ ಮಗುವಿಗೆ ಇಂಥ ಪುಸ್ತಕ ಸಾಧ್ಯವೇ, ಸಾಧ್ಯವಾದರೆ ಅದರ ಭಾಷೆ ಯಾವುದು ಎಂಬ ಪ್ರಶ್ನೆಯನ್ನು ನಾವು ಬಹುಮಟ್ಟಿಗೆ ಶಿಕ್ಷಣ ಇಲಾಖೆಗೆ ಬಿಟ್ಟುಕೊಟ್ಟಿದ್ದೇವೆ. ಅದು ಮೂಲತಃ ಕನ್ನಡ ವ್ಯಾಕರಣದ ಪ್ರಶ್ನೆ, ಆದ್ದರಿಂದ ಕನ್ನಡ ವಿಭಾಗಗಳ ಪ್ರಶ್ನೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಂಥ ಬರವಣಿಗೆಯನ್ನು ಇಲ್ಲಿ ‘ಕಥೇತರ ಪುಸ್ತಕ’ ಎಂದು ಕರೆಯಲಾಗಿದೆ. ‘ಮಾಹಿತಿ ಸಾಹಿತ್ಯ’ ಎಂಬ ಹೆಸರು ಬಳಕೆಯಲ್ಲಿದ್ದರೂ ಅದು ಪರೀಕ್ಷೆಯ ವಾಸನೆಯನ್ನು ಹೊತ್ತಿರುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

2

ಚಾರಿತ್ರಿಕವಾಗಿ ನೋಡಿದರೆ ಓದು ಕಲಿಸುವ ಪುಸ್ತಕ ಮತ್ತು ಲೋಕಜ್ಞಾನದ ಪುಸ್ತಕ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟವಾದ ಕೊಮೇನಿಯಸನ ‘ಆರ್ಬಿಸ್ ಪಿಕ್ಟಸ್’ ಮಕ್ಕಳ ಸಚಿತ್ರ ಪುಸ್ತಕಗಳ ಮೂಲವೆಂದು ಪರಿಗಣಿತವಾಗಿದೆ. ಅದರ ಆರಂಭದಲ್ಲಿಯೇ ಒಂದು ಅಕ್ಷರಮಾಲೆಯಿದೆ. ಪ್ರತಿ ಅಕ್ಷರದ ಪಕ್ಕದಲ್ಲಿ ಆ ಧ್ವನಿಯನ್ನು ಹೊರಡಿಸುವ ಕಾಗೆ, ಕುರಿ ಮೊದಲಾದ ಜೀವಿಯ ಚಿತ್ರವಿದೆ. ಅಕ್ಷರ ಕಲಿತ ಮೇಲೆ ಲೋಕ ಎಂಬ ಕ್ರಮ ಅಲ್ಲಿಲ್ಲ. ಲೋಕದ ಸದ್ದೇ ಅಕ್ಷರ.

ಕನ್ನಡದಲ್ಲಿ ಈ ಕೆಲಸ ದೊಡ್ಡ ಮಕ್ಕಳಿಂದ ಆರಂಭವಾಯಿತು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದರು. ಒಬ್ಬನೇ ಲೇಖಕ ಮಕ್ಕಳಿಗಾಗಿ ವಿಶ್ವಕೋಶವನ್ನು ಕಟ್ಟಲು ಹೊರಟ ಆ ಸಾಹಸಕ್ಕೆ ಇಂದಿಗೂ ಜೋಡಿಯಿಲ್ಲ. ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನಗಂಗೋತ್ರಿ’ ಬಂದಿತು. ಎಲ್.ಎಸ್. ಶೇಷಗಿರಿರಾವ್ ಅವರು ಸಂಪಾದಿಸಿದ ‘ಭಾರತ-ಭಾರತಿ’ ಮಾಲೆಯ ಕಿರುಹೊತ್ತಗೆಗಳು ಶಾಲೆಗಳ ಟ್ರಂಕುಗಳನ್ನು ತುಂಬಿದವು. ನ್ಯಾಷನಲ್ ಬುಕ್ ಟ್ರಸ್ಟಿನ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆ ಅನುವಾದಗಳ ಮೂಲಕ ಚಿತ್ರಪುಸ್ತಕದ ರುಚಿ ಹತ್ತಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಿಕವನ್ನೂ ಈ ಸಾಲಿಗೆ ಸೇರಿಸಬೇಕು. ಆದರೆ ಇವುಗಳಲ್ಲಿ ಹೆಚ್ಚಿನವು ಸರಾಗವಾಗಿ ಓದಬಲ್ಲ ಮಗುವನ್ನು ಉದ್ದೇಶಿಸಿದವು. ಮೊದಲು ಕಥೆಯಿಂದ ಓದು ಕಲಿಯಲಿ, ಆಮೇಲೆ ಓದಿನಿಂದ ವಿಷಯ ಕಲಿಯಲಿ ಎಂಬ ಗ್ರಹಿಕೆ ಅವುಗಳ ಹಿಂದಿದೆ.

ಈ ಗ್ರಹಿಕೆಯನ್ನು ಹೊರಗಿನ ಸಂಶೋಧನೆ ಪ್ರಶ್ನಿಸಿ ಬಹಳ ಕಾಲವಾಯಿತು. ಕಥನವೇ ಮಗುವಿನ ಸಹಜ ರೂಪವೇ ಎಂದು ಕ್ರಿಸ್ಟೀನ್ ಪಪ್ಪಾಸ್ 1993ರಲ್ಲಿ ಕೇಳಿ, ಇನ್ನೂ ಓದು ಬಾರದ ಮಕ್ಕಳು ಕಥೇತರ ಪುಸ್ತಕದ ಭಾಷೆಯನ್ನೂ ಕಥೆಯಷ್ಟೇ ಚೆನ್ನಾಗಿ ಪುನರುಚ್ಚರಿಸಬಲ್ಲರೆಂದು ತೋರಿಸಿದರು. ನೆಲ್ ಡ್ಯೂಕ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 20 ಒಂದನೆಯ ತರಗತಿಗಳಲ್ಲಿ ಇಂಥ ಪಠ್ಯಕ್ಕೆ ದಿನಕ್ಕೆ ಸರಾಸರಿ 3.6 ನಿಮಿಷ ಮಾತ್ರ ಸಿಗುತ್ತಿತ್ತು. ಪುಸ್ತಕಗಳ ರಾಶಿಯಿರುವ ದೇಶದ ಲೆಕ್ಕವಿದು. ನಮ್ಮಲ್ಲಿ ಅಡ್ಡಿಯಾಗಿರುವುದು ಪುಸ್ತಕಗಳ ಅಭಾವವೊಂದೇ ಅಲ್ಲ. ಇಂಗ್ಲಿಷಿನಲ್ಲಿ ಇರದ ಇನ್ನೊಂದು ತೊಡಕೂ ಇದೆ. ಅದನ್ನು ಕಾಣಲು ಒಂದು ಊರಿನ ಸುತ್ತಲಿನ ಪದಲೋಕವನ್ನು ಹತ್ತಿರದಿಂದ ನೋಡಬೇಕು.

3

ಬಾಗಲಕೋಟೆ ಜಿಲ್ಲೆಯ ಜಮಖಂಡಿ–ರಬಕವಿ ಭಾಗದಲ್ಲಿ ಕೃಷ್ಣಾನದಿಯ ದಂಡೆಗಿರುವ ಹಿಪ್ಪರಗಿ (ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ ಬೇರೆ) ತನ್ನ ಬ್ಯಾರೇಜಿನಿಂದ ಹೆಸರಾಗಿದೆ. ಸುತ್ತ ಕಬ್ಬಿನ ಸೀಮೆ. ಅತ್ತ ರಬಕವಿ-ಬನಹಟ್ಟಿಯ ಮಗ್ಗಗಳು. ಆಚೆಗೆ ಬೇಟೆನಾಯಿಯ ಮುಧೋಳ, ಹಿನ್ನೀರಿನ ಬೀಳಗಿ. ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿದವು. ಆಳಿದವರ ಮನೆಮಾತು ಮರಾಠಿಯಾಗಿದ್ದ ಈ ನೆಲದಲ್ಲಿ ಕನ್ನಡದ ಓದು ಸುಮ್ಮನೆ ಬಂದುದಲ್ಲ ಎಂಬುದನ್ನು ಪ್ರಾಸಂಗಿಕವಾಗಿ ನೆನೆಯಬೇಕು.

ಈ ಊರಿನ ಮಗುವೊಂದು ಶಾಲೆಗೆ ಬರುವ ಮೊದಲೇ ಅರಿತಿರುವ ವಸ್ತು-ವ್ಯಕ್ತಿಗಳ 50 ಹೆಸರುಗಳನ್ನು ಬರೆದುಕೊಳ್ಳೋಣ. ನಂಟರು: ಅವ್ವ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ತಂಗಿ, ಆಯಿ, ಕಾಕಾ, ಮಾವ. ಜೀವಿಗಳು: ಎಮ್ಮೆ, ಎತ್ತು, ಬೆಕ್ಕು, ಹಕ್ಕಿ, ಗುಬ್ಬಿ, ಕಪ್ಪೆ, ಆಕಳು, ಆಡು, ನಾಯಿ, ಕೋಳಿ, ಮೀನು, ಕಾಗೆ, ಮೊಸಳೆ. ಹೊಲ ಮತ್ತು ಅಡಿಗೆ: ಕಬ್ಬು, ಬೆಲ್ಲ, ಸಕ್ಕರೆ, ರೊಟ್ಟಿ, ಪಲ್ಯ, ಅನ್ನ, ಬೆಣ್ಣೆ, ಮಣ್ಣು, ಜೋಳ, ಬಾಳೆ, ಅರಿಸಿನ, ಬದನೆ, ಬೇಳೆ, ಹಾಲು, ನೀರು. ಹೊಳೆ ಮತ್ತು ಓಣಿ: ಹಳ್ಳ, ಕಲ್ಲು, ಕಟ್ಟೆ, ಮಗ್ಗ, ಬಟ್ಟೆ, ಚಕ್ಕಡಿ, ಹೊಳೆ, ದೋಣಿ, ಮಳೆ, ಗಾಣ, ನೂಲು, ಸೀರೆ.

ಇದು ಲೇಖಕನ ಆಯ್ಕೆಯ ಪಟ್ಟಿ. ಇದರಿಂದ ಶೇಕಡಾವಾರು ಸಿದ್ಧಾಂತ ಕಟ್ಟಲಾಗದು. ಆದರೂ ಎರಡು ಸಂಗತಿಗಳು ಎದ್ದುಕಾಣುತ್ತವೆ. ಐವತ್ತು ಪದಗಳಲ್ಲಿ ಒಂದೇ ಒಂದು ಮಹಾಪ್ರಾಣವಿಲ್ಲ, ಋಕಾರವಿಲ್ಲ, ಷಕಾರವಿಲ್ಲ. ಆದರೆ 26 ಪದಗಳಲ್ಲಿ ಒತ್ತಕ್ಷರವಿದೆ. ಅವುಗಳಲ್ಲಿ ‘ಪಲ್ಯ’ವೊಂದನ್ನು ಬಿಟ್ಟರೆ ಉಳಿದ 25ರಲ್ಲೂ ಇರುವುದು ಸಜಾತೀಯ ಒತ್ತು, ಅಂದರೆ ಅದೇ ವ್ಯಂಜನದ ದ್ವಿತ್ವ. ಡಿ.ಎನ್. ಶಂಕರಭಟ್ಟರು ಕನ್ನಡ ಬರಹದ ಸುಧಾರಣೆಯನ್ನು ಕುರಿತು ಮಂಡಿಸಿದ ವಾದವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಅವರ ಸಲಹೆಯಂತೆ ಮಹಾಪ್ರಾಣಗಳನ್ನು ಬಿಟ್ಟರೂ ಈ ಪಟ್ಟಿಯ ಒಂದು ಪದವೂ ಬದಲಾಗದು. ಒತ್ತು ಸಂಸ್ಕೃತದಿಂದ ಬಂದ ಭಾರವಲ್ಲ. ಅದು ಕನ್ನಡದ ಎಲುಬು.

ಇನ್ನು ನಮ್ಮ ಕಲಿಕಾ ಕ್ರಮವನ್ನು ನೋಡೋಣ. ಹಳೆಯ ಬಾಲಬೋಧೆಗಳಲ್ಲಿ ವರ್ಣಮಾಲೆ, ಕಾಗುಣಿತ, ಕಡೆಗೆ ಒತ್ತಕ್ಷರ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ವ್ಯಾಪಿಸಿದ ‘ನಲಿ-ಕಲಿ’ ವರ್ಣಮಾಲೆಯ ಅನುಕ್ರಮವನ್ನು ಧೈರ್ಯದಿಂದ ಮುರಿದು ರ, ಗ, ಸ, ದ, ಅ ಎಂದು ಪ್ರಾರಂಭಿಸಿತು. ಬರೆಯಲು ಸುಲಭವಾದ, ಬೇಗ ಪದ ಕಟ್ಟಬಲ್ಲ ಅಕ್ಷರಗಳಿವು. ಈ ಸುಧಾರಣೆಯ ಮಹತ್ವವನ್ನು ಕಡೆಗಣಿಸುವಂತಿಲ್ಲ. ಆದರೆ ಒತ್ತಕ್ಷರವನ್ನು ಕೊನೆಗೆ ಇಡುವ ರೂಢಿ ಅಲ್ಲಿಯೂ ಮುಂದುವರಿಯಿತು. ಪರಿಣಾಮವಾಗಿ ಹಿಪ್ಪರಗಿಯ ಮಗು ಮೊದಲು ಓದುವ ಪದಗಳು ಅರಸ, ಅಗಸ, ಗರಗಸ. ಅರಸನನ್ನು ಅದು ಕಂಡಿಲ್ಲ. ಅವ್ವ, ಅಪ್ಪ, ರೊಟ್ಟಿ, ಎಮ್ಮೆ, ಕಬ್ಬು, ಕೊನೆಗೆ ತನ್ನ ಊರಿನ ಹೆಸರು, ಎಲ್ಲವೂ ಒತ್ತಕ್ಷರದ ಬಾಗಿಲಾಚೆ ಕಾಯುತ್ತಿರುತ್ತವೆ. (ರಬಕವಿಯ ಮಗು ಅದೃಷ್ಟಶಾಲಿ; ಬೀಳಗಿಯದೂ ಅಷ್ಟೆ. ಬನಹಟ್ಟಿಯದು ಕಾಯಬೇಕು.)

ಕನ್ನಡ ಲಿಪಿಯ ಅಕ್ಷರಗಳ ಸಂಖ್ಯೆ ದೊಡ್ಡದಾದ್ದರಿಂದ ಅವುಗಳ ಕಲಿಕೆ ಇಂಗ್ಲಿಷಿನಂತೆ ಬೇಗ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಇದನ್ನು ಒತ್ತಕ್ಷರವನ್ನು ಮುಂದೂಡುವುದಕ್ಕೆ ಸಮರ್ಥನೆಯಾಗಿ ಬಳಸಬಹುದು. ನನ್ನ ದೃಷ್ಟಿಯಲ್ಲಿ ಅದರಿಂದ ಬರುವ ತೀರ್ಮಾನ ತಿರುಗುಮುರುಗಾಗಿದೆ. ಎಲ್ಲ ಅಕ್ಷರ ಬರುವವರೆಗೆ ನಿಜಲೋಕದ ಪುಸ್ತಕ ಬೇಡವೆಂದರೆ ಮಗು ನಾಲ್ಕು ವರ್ಷ ಅರಸನ ಜೊತೆಯಲ್ಲಿಯೇ ಇರಬೇಕಾಗುತ್ತದೆ.

4

ಪದಗಳ ಮಾತು ಹೀಗಾದರೆ, ವಾಕ್ಯದಲ್ಲಿ ಈ ತೊಡಕು ಇನ್ನೂ ಆಳಕ್ಕಿಳಿಯುತ್ತದೆ. ವಿಮರ್ಶಕರ ಗಮನ ಇತ್ತ ಹರಿದಿಲ್ಲವಾದ್ದರಿಂದ ತುಸು ವಿವರವಾಗಿ ಪರಿಶೀಲಿಸಬೇಕಿದೆ.

ಕಥೆಯ ಕಾಲ ಭೂತಕಾಲ. ಬಂದಿತು, ಹೋಯಿತು, ಓಡಿತು, ನೋಡಿದಳು, ಹೇಳಿದ: ಇವುಗಳಲ್ಲಿ ಒತ್ತಿಲ್ಲ. ಇದ್ದ, ಬಿದ್ದ, ಕೊಟ್ಟ, ಗೆದ್ದ ಮುಂತಾದ ರೂಪಗಳಲ್ಲಿ ಒತ್ತಿದೆ, ನಿಜ. ಆದರೆ ಜಾಣ ಲೇಖಕ ಅವುಗಳನ್ನು ತಪ್ಪಿಸಿಯೂ ಕಥೆ ಹೇಳಬಲ್ಲ. ‘ನರಿ ಬಂದಿತು. ಕಾಗೆ ಹಾರಿತು.’ ಕಥೆ ಸಾಗುತ್ತದೆ.

ಕಥೇತರದ ಕಾಲ ಬೇರೆ. ಒಮ್ಮೆ ನಡೆದುದನ್ನಲ್ಲ, ಯಾವಾಗಲೂ ನಡೆಯುವುದನ್ನು ಅದು ಹೇಳಬೇಕು: ಬೀಜ ಮೊಳೆಯುತ್ತದೆ, ನೀರು ಹರಿಯುತ್ತದೆ, ಮೀನು ಈಜುತ್ತದೆ. ಶಿಷ್ಟ ಬರಹಗನ್ನಡದಲ್ಲಿ ಈ ನಿತ್ಯಸತ್ಯದ ಪ್ರತ್ಯಯವೇ ‘ಉತ್ತದೆ’. ಅದರೊಳಗೊಂದು ‘ತ್ತ’ ಕುಳಿತಿದೆ. ಲೋಕವನ್ನು ವಿಂಗಡಿಸಲು ಬೇಕಾದ ನಿಷೇಧಪದಗಳು ‘ಇಲ್ಲ’ ಮತ್ತು ‘ಅಲ್ಲ’. ಕಪ್ಪೆಗೆ ಬಾಲ ಇಲ್ಲ. ಬಾವಲಿ ಹಕ್ಕಿ ಅಲ್ಲ. ಈ ಬಗೆಯ ವಾಕ್ಯವಿಲ್ಲದೆ ಯಾವ ಶಾಸ್ತ್ರವೂ ಹುಟ್ಟದು. ಎಲ್ಲಿ ಇದೆ ಎಂದು ಹೇಳುವ ಸಪ್ತಮಿಯ ‘ಅಲ್ಲಿ’, ಏನನ್ನು ಎಂದು ಹೇಳುವ ದ್ವಿತೀಯೆಯ ‘ಅನ್ನು’, ಪ್ರಶ್ನಿಸುವ ‘ಎಲ್ಲಿ’, ‘ಎಷ್ಟು’, ಎಣಿಸುವ ‘ನಾಲ್ಕು’, ‘ಒಂಬತ್ತು’, ‘ಹತ್ತು’ ಎಲ್ಲವೂ ಒತ್ತುಳ್ಳವು. ಒತ್ತಿಲ್ಲದೆ ಉಳಿಯುವುದು ‘ಇದು’, ‘ಇದೆ’, ‘ಇವೆ’. ಆದ್ದರಿಂದಲೇ ನಮ್ಮ ಕಿರುಮಕ್ಕಳ ಕಥೇತರ ಪುಸ್ತಕವು ‘ಇದು ಆನೆ, ಇದು ಮನೆ’ ಎಂದು ಬೆರಳು ತೋರಿಸುವಲ್ಲಿಗೆ ನಿಂತುಬಿಡುತ್ತದೆ. ವಸ್ತುವಿನ ಹೆಸರು ಸಿಗುತ್ತದೆ. ವಸ್ತು ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದು ಸಿಗುವುದಿಲ್ಲ. ಬರಹಗಾರರ ಪ್ರತಿಭೆಯ ಕೊರತೆ ಇದಕ್ಕೆ ಕಾರಣವಲ್ಲ. ಒತ್ತಕ್ಷರವನ್ನು ಮುಂದೂಡಿದ ಕ್ರಮವು ಕಥೆಗೆ ದಾರಿ ಬಿಟ್ಟು ವಿವರಣೆಗೆ ಅಗಸೆ ಹಾಕಿದೆ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಹಿಂದಿನ ವಾಚನಮಾಲೆಗಳಲ್ಲಿ ‘ಆಕಳು ಹಾಲು ಕೊಡುವುದು’ ಎಂಬಂಥ ವಾಕ್ಯಗಳಿದ್ದವಲ್ಲ? ಹೌದು, ‘ಉವುದು’ ಎಂಬ ರೂಪದಲ್ಲಿ ಒತ್ತಿಲ್ಲ. ನಿತ್ಯಸತ್ಯಕ್ಕೂ ಅದು ಸಲ್ಲುತ್ತದೆ. ಆದರೆ ಇಂದಿನ ಗದ್ಯದಲ್ಲಿ ಅದು ಬಹುಮಟ್ಟಿಗೆ ಗ್ರಾಂಥಿಕವಾಗಿದೆ. ಹಿಪ್ಪರಗಿಯ ಮಗುವಿನ ಬಾಯಲ್ಲಿರುವುದು ‘ಆಕಳ ಹಾಲ ಕೊಡತೈತಿ’. ವಿಚಿತ್ರವೆಂದರೆ ಈ ಆಡುರೂಪದಲ್ಲಿಯೂ ದ್ವಿತ್ವವಿಲ್ಲ! ಸಪ್ತಮಿಯೂ ಹಾಗೆಯೇ: ಶಿಷ್ಟದ ‘ಹೊಲದಲ್ಲಿ’ ಇಲ್ಲಿ ‘ಹೊಲದಾಗ’. ಹಾಗಾದರೆ ಪುಸ್ತಕವನ್ನು ಆಡುನುಡಿಯಲ್ಲಿಯೇ ಬರೆಯಬಹುದಲ್ಲ ಎಂಬ ಆಕರ್ಷಣೆ ಸಹಜ. ಕಥೆ-ಕವನಗಳಲ್ಲಿ ಧಾರವಾಡ-ವಿಜಾಪುರ ಸೀಮೆಯ ನುಡಿಗೆ ಘನವಾದ ಸಾಹಿತ್ಯಪರಂಪರೆಯೇ ಇದೆ. ಆದರೆ ಮಗು ಮುಂದೆ ತೆರೆಯುವ ಪ್ರತಿಯೊಂದು ಕಥೇತರ ಪುಸ್ತಕದಲ್ಲಿಯೂ ‘ಉತ್ತದೆ’ ಎದುರಾಗುವುದರಿಂದ ಅದನ್ನು ತಪ್ಪಿಸುವುದಕ್ಕಿಂತ ಮೊದಲೇ ಪರಿಚಯಿಸುವುದು ಮೇಲು ಎಂದು ನನಗೆ ತೋರುತ್ತದೆ. ‘ತ್ತದೆ’ಯನ್ನು ಬಿಡಿಸಿ ಕಲಿಸಬೇಕಾಗಿಲ್ಲ, ಪುಟಪುಟದ ಕೊನೆಯಲ್ಲಿ ಬರುವ ಒಂದು ಇಡೀ ಆಕೃತಿಯಾಗಿ ಕಣ್ಣು ಅದನ್ನು ಹಿಡಿಯಬಲ್ಲದು. ನ್ಯೂಜಿಲೆಂಡಿನ ಮಾವೊರಿ ಮಕ್ಕಳಿಗೆ ಓದು ಕಲಿಸಿದ ಸಿಲ್ವಿಯಾ ಆಷ್ಟನ್-ವಾರ್ನರ್ 1963ರ ತಮ್ಮ ‘ಟೀಚರ್’ ಕೃತಿಯಲ್ಲಿ ಇದಕ್ಕೆ ಸಮೀಪದ ಮಾತನ್ನು ಹೇಳುತ್ತಾರೆ. ಮಗುವಿನ ಒಳಗಿನಿಂದ ಬಂದ ಪದ ಎಷ್ಟೇ ತೊಡಕಿನದಾದರೂ ಒಂದೇ ನೋಟಕ್ಕೆ ನಿಲ್ಲುತ್ತದೆ. ಹೊರಗಿನಿಂದ ಹೇರಿದ ಪದ ಎಷ್ಟೇ ಸರಳವಾದರೂ ಜಾರುತ್ತದೆ. ‘ಅವ್ವ’ ಎಂಬ ಪದವನ್ನು ‘ಗರಗಸ’ಕ್ಕಿಂತ ಕಠಿಣವೆಂದು ವಿಂಗಡಿಸಿದವರು ಬರೆಯುವ ಕೈಯನ್ನು ನೋಡಿದರು, ಓದುವ ಮಗುವನ್ನು ನೋಡಲಿಲ್ಲ.

ಪದಗಳ ಆಯ್ಕೆಯಲ್ಲಿ ಮಾತ್ರ ಸ್ಥಳೀಯತೆಗೆ ರಾಜಿ ಇರಬಾರದು. ಹಸುವಿನ ಬದಲು ಆಕಳು, ಎತ್ತಿನಗಾಡಿಯ ಬದಲು ಚಕ್ಕಡಿ, ನದಿಯ ಬದಲು ಹೊಳೆ. ಮಗು ‘ಹೊಳಿ’, ‘ಎಮ್ಮಿ’ ಎನ್ನುತ್ತದೆ, ಪುಸ್ತಕ ‘ಹೊಳೆ’, ‘ಎಮ್ಮೆ’ ಎನ್ನುತ್ತದೆ. ಪದಾಂತ್ಯದ ಈ ಎಕಾರ-ಇಕಾರಗಳ ಅಂತರವನ್ನು ಮಗು ತಾನೇ ದಾಟಿಕೊಳ್ಳುತ್ತದೆ. ಪದವೇ ಪರಕೀಯವಾದರೆ ದಾಟಲು ದಂಡೆಯೇ ಇರುವುದಿಲ್ಲ.

5

ವಾದವನ್ನು ಒರೆಗೆ ಹಚ್ಚಲು ಎಂಟು ಪುಟಗಳ ಒಂದು ಪುಸ್ತಕದ ಮಾದರಿಯನ್ನು ಇಲ್ಲಿ ರಚಿಸಲಾಗಿದೆ. ಪುಟಕ್ಕೊಂದು ಚಿತ್ರ ಇರತಕ್ಕದ್ದು.

ಇದು ಕಬ್ಬು.
ಕಬ್ಬಿಗೆ ಗೆಣ್ಣು ಇದೆ.
ಗೆಣ್ಣಿನಲ್ಲಿ ಕಣ್ಣು ಇದೆ.
ಕಣ್ಣು ಮಣ್ಣಿನಲ್ಲಿ ಮೊಳೆಯುತ್ತದೆ.
ಮೊಳಕೆ ಬೆಳೆದು ಕಬ್ಬು ಆಗುತ್ತದೆ.
ಗಾಣದಲ್ಲಿ ಕಬ್ಬಿನ ರಸ ಬರುತ್ತದೆ.
ರಸ ಕುದಿಯುತ್ತದೆ. ನೀರು ಆವಿ ಆಗುತ್ತದೆ.
ಕೊನೆಗೆ ಬೆಲ್ಲ ಆಗುತ್ತದೆ.

ಒಟ್ಟು 27 ಪದಗಳು. ಬಳಕೆಯಾದ ಒತ್ತುಗಳು ನಾಲ್ಕೇ: ಬ್ಬ, ಣ್ಣ, ಲ್ಲ, ತ್ತ. ನಾಲ್ಕೂ ಸಜಾತೀಯ; ನಾಲ್ಕೂ ಮರಳಿ ಮರಳಿ ಬರುತ್ತವೆ. ಸಂಧಿಯನ್ನು ಬಿಡಿಸಿಯೇ ಬರೆಯಲಾಗಿದೆ. ಇಷ್ಟರೊಳಗೆ ಸಸ್ಯದ ಅಂಗರಚನೆ, ಬಿತ್ತನೆ, ದ್ರವವು ಆವಿಯಾಗುವ ಭೌತಕ್ರಿಯೆ, ಮಾನವ ಶ್ರಮದ ಒಂದು ಉತ್ಪನ್ನ ಎಲ್ಲ ಬಂದಿವೆ. ಕಬ್ಬಿನ ಗೆಣ್ಣಿನ ಮೊಗ್ಗನ್ನು ರೈತ ‘ಕಣ್ಣು’ ಎನ್ನುವುದು ರೂಪಕವೂ ಹೌದು, ಪಾರಿಭಾಷಿಕ ಪದವೂ ಹೌದು. ಕನ್ನಡದ ಒಕ್ಕಲುತನದ ನುಡಿಯಲ್ಲಿ ಇಂಥ ಪದಗಳಿಗೆ ಬರವಿಲ್ಲ. ಪಾರಿಭಾಷಿಕತೆಗೆ ಸಂಸ್ಕೃತದ ಕಡೆಗೆ ಓಡುವ ಮೊದಲು ಗಾಣದ ಮನೆಗೆ ಹೋಗಿ ಬರುವುದು ಲೇಸು.

ಮಾದರಿಯಲ್ಲಿ ಲೋಪವಿದೆ. ಗಾಣ ಕಂಡ ಮಗು ‘ಸುಣ್ಣ ಹಾಕೂದ ಬಿಟ್ಟೀರಿ’ ಎಂದು ತಪ್ಪು ಹಿಡಿಯಬಹುದು. ರಸದ ಕೊಳೆ ತೆಗೆಯಲು ಸುಣ್ಣ ಹಾಕುವುದು ವಾಡಿಕೆ. ಹಾಗೆ ತಪ್ಪು ಹಿಡಿಯುವ ಹಕ್ಕು ಕಥೆಯ ಓದುಗನಿಗೆ ಇಲ್ಲ. ಅರಸನಿಗೆ ಏಳು ಮಂದಿ ಹೆಂಡಿರು ಎಂದರೆ ಮಗು ಒಪ್ಪಿಕೊಳ್ಳಬೇಕು. ಕಬ್ಬಿನ ಪುಸ್ತಕವನ್ನು ಅದು ಹೊಲಕ್ಕೆ ಒಯ್ದು ತಾಳೆ ನೋಡಬಲ್ಲದು. ಬರೆದದ್ದು ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಅಧಿಕಾರವನ್ನು ಆರನೆಯ ವಯಸ್ಸಿನಲ್ಲಿಯೇ ಓದುಗನಿಗೆ ಕೊಡುವ ಪ್ರಕಾರ ಇದೊಂದೇ.

ಪ್ರಕಟಣೆಯ ದೃಷ್ಟಿಯಿಂದ ಇಂದು ಈ ಕೆಲಸ ಹಿಂದಿನಷ್ಟು ದುಬಾರಿಯಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ‘ಸ್ಟೋರಿವೀವರ್’ ಎಂಬ ಮುಕ್ತ ಭಂಡಾರವನ್ನು ತೆರೆದು, ಪುಸ್ತಕಗಳನ್ನು ನಾಲ್ಕು ಓದಿನ ಹಂತಗಳಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಒದಗಿಸಿದೆ. ಚಿತ್ರಗಳನ್ನು ಮರುಬಳಸಿ ಹೊಸ ಪಠ್ಯ ಬರೆಯಲು ಅಲ್ಲಿ ಅನುಮತಿಯಿದೆ. ಆದರೆ ಹಂತಗಳ ಹೊಂದಾಣಿಕೆಯನ್ನು ಕನ್ನಡದ ಮಟ್ಟಿಗೆ ನಾವೇ ಪರಿಶೀಲಿಸಬೇಕು. ಇಂಗ್ಲಿಷಿನಲ್ಲಿ ಮೊದಲ ಹಂತದ ವಾಕ್ಯ ಕನ್ನಡಕ್ಕೆ ಬಂದಾಗ ವಿಜಾತೀಯ ಒತ್ತುಗಳಿಂದ ತುಂಬಿ ಮೂರನೆಯ ಹಂತದ್ದಾಗಿಬಿಡಬಹುದು. ಪದಸಂಖ್ಯೆಯನ್ನಷ್ಟೇ ಎಣಿಸುವ ಅಳತೆಗೋಲಿಗೆ ಈ ವ್ಯತ್ಯಾಸ ಕಾಣದು. ಒತ್ತುಗಳ ಜಾತಿ, ಅವುಗಳ ಪುನರಾವೃತ್ತಿ, ಕ್ರಿಯಾರೂಪ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕನ್ನಡದ್ದೇ ಆದ ಹಂತನಿರ್ಣಯವೊಂದು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಯೋಗ್ಯ ವಿಷಯವಾದೀತು.

ಎರಡನೆಯ ಪುಸ್ತಕ ಹೊಳೆಯದಾಗಬೇಕೆಂಬುದು ನನ್ನ ಅಪೇಕ್ಷೆ. ಅದು ಕಬ್ಬಿನಷ್ಟು ಸುಲಭವಲ್ಲ. ಹೊಳೆಯಲ್ಲಿ ಮೊಸಳೆಯಿದೆ, ಬ್ಯಾರೇಜಿನ ಗೇಟು ತೆರೆದಾಗ ಏರುವ ನೀರಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ದಂಡೆಯ ಊರುಗಳನ್ನು ನುಗ್ಗಿದ ನೆನಪಿದೆ. ದಡದ ಫಲಕದ ಮೇಲಿನ ‘ಎಚ್ಚರಿಕೆ’ ಎಂಬ ಪದವೇ ಈ ಊರಿನ ಮಗು ಓದಬೇಕಾದ ಮೊದಲ ಕಥೇತರ ಪಠ್ಯವಾಗಿರಬಹುದು. ಅದರಲ್ಲಿ ‘ಚ್ಚ’ ಇದೆ. ಪತ್ರಿಕೆಗಳು ‘ಪ್ರವಾಹ’ ಎಂದು ಬರೆಯುತ್ತವೆ; ಪದದ ಮೊದಲ ಅಕ್ಷರವೇ ವಿಜಾತೀಯ ಸಂಯುಕ್ತ. ಮನೆಯಲ್ಲಿ ಹಿರಿಯರು ಹೇಳುವುದು ‘ಹೊಳಿ ಬಂತು’ ಎಂದು. ಅಲ್ಲಿ ಒಂದೂ ಒತ್ತಿಲ್ಲ. ಸದ್ಯ ನನ್ನ ಕರಡಿನ ಮೊದಲ ಪುಟದಲ್ಲಿ ಇರುವುದು ಆ ಎರಡು ಪದಗಳು, ‘ಹೊಳಿ’ಯನ್ನು ‘ಹೊಳೆ’ ಎಂದು ತಿದ್ದಿ.